ಯಾವ ಪಟ್ಟಿಗೂ ಸಿಗದ ಸಂಖ್ಯೆ

ಅನಂತ ಎಂದರೆ ತುಂಬಾ ದೊಡ್ಡ ಸಂಖ್ಯೆ ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಒಂದರ ಮುಂದೆ ಲಕ್ಷ ಸೊನ್ನೆ ಹಾಕಿ, ಕೋಟಿ ಸೊನ್ನೆ ಹಾಕಿ. ಅನಂತಕ್ಕೆ ಕೂದಲೆಳೆಯಷ್ಟೂ ಹತ್ತಿರ ಹೋಗಿರುವುದಿಲ್ಲ. ಅದು ಆ ದಾರಿಯ ಕೊನೆಯ ನಿಲ್ದಾಣ ಅಲ್ಲವೇ ಅಲ್ಲ. ಆ ದಾರಿಗೆ ಕೊನೆಯೇ ಇಲ್ಲ.

ಇನ್ನೊಂದು ಮಾತಿದೆ: 'ಪೂರ್ಣದಿಂದ ಪೂರ್ಣವನ್ನು ಕಳೆದರೆ ಪೂರ್ಣವೇ ಉಳಿಯುತ್ತದೆ, ನೋಡಿ, ಅನಂತದ ಗಣಿತ ನಮ್ಮವರಿಗೆ ಆಗಲೇ ಗೊತ್ತಿತ್ತು!' ಉಪನಿಷತ್ತಿನ ಆ ಮಂತ್ರ ಚೆಂದ, ಅನುಮಾನವಿಲ್ಲ. ಆದರೆ ಗಣಿತವಾಗಿ ಓದಿದರೆ ಎಡವಟ್ಟಾಗುತ್ತದೆ. 1, 2, 3 ಎಂದು ಸಾಗುವ ಎಲ್ಲ ಸಂಖ್ಯೆಗಳಿಂದ ಸಮಸಂಖ್ಯೆಗಳನ್ನು ತೆಗೆಯಿರಿ. ಬೆಸಸಂಖ್ಯೆಗಳು ಉಳಿಯುತ್ತವೆ, ಅವೂ ಅನಂತ. ಈಗ ಮೊದಲಿನ ಪೂರ್ತಿ ಗುಂಪಿನಿಂದ 5ಕ್ಕಿಂತ ದೊಡ್ಡವನ್ನೆಲ್ಲ ತೆಗೆಯಿರಿ. ತೆಗೆದದ್ದು ಅನಂತ, ಉಳಿದದ್ದು ಬರೀ ಐದು! ಎಷ್ಟು ತೆಗೆದಿರಿ ಎಂದಷ್ಟೇ ಹೇಳಿದರೆ ಉತ್ತರ ಸಿಗುವುದಿಲ್ಲ, ಯಾವುದನ್ನು ತೆಗೆದಿರಿ ಎಂದು ಹೇಳಬೇಕು. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ಸೊನ್ನೆಯಿಂದ ಭಾಗಿಸಿದ ಸಂಖ್ಯೆಯನ್ನು 'ಖಹರ' ಎಂದು ಕರೆದು, ಏನು ಕೂಡಿದರೂ ಕಳೆದರೂ ಅದು ಬದಲಾಗದು ಎಂದರು. ಆ ಕಾಲಕ್ಕೆ ಅದು ದಿಟ್ಟ ಯೋಚನೆ. ಆದರೆ ಇಲ್ಲಿ ನಾನು ಹೇಳಹೊರಟ ಕಥೆ ಅದಲ್ಲ.

ಕಥೆ ಶುರುವಾಗುವುದು ಎಣಿಸದೆಯೇ ಹೋಲಿಸುವುದರಿಂದ. ಒಂದು ಸಭಾಂಗಣಕ್ಕೆ ಹೋಗುತ್ತೀರಿ. ಎಲ್ಲ ಕುರ್ಚಿಯಲ್ಲೂ ಒಬ್ಬೊಬ್ಬರು ಕೂತಿದ್ದಾರೆ, ಯಾರೂ ನಿಂತಿಲ್ಲ. ಜನ ಎಷ್ಟು, ಕುರ್ಚಿ ಎಷ್ಟು ಎಂದು ನಿಮಗೆ ಗೊತ್ತಿಲ್ಲ. ಆದರೂ ಎರಡೂ ಸಮ ಎಂದು ಕಣ್ಣುಮುಚ್ಚಿ ಹೇಳಬಹುದು, ಅಲ್ವಾ? ಒಂದಕ್ಕೊಂದು ಜೋಡಿ ಕೂಡಿಬಂದರೆ ಸಾಕು.

ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಇದೇ ಜೋಡಿಯಿಂದ ತಲೆಕೆಡಿಸಿಕೊಂಡ. 1ಕ್ಕೆ 1, 2ಕ್ಕೆ 4, 3ಕ್ಕೆ 9. ಪ್ರತಿ ಸಂಖ್ಯೆಗೂ ಒಂದು ವರ್ಗಸಂಖ್ಯೆ ಜೋಡಿ. ಹಾಗಾದರೆ ಎರಡೂ ಸಮ. ಆದರೆ ವರ್ಗಸಂಖ್ಯೆಗಳು ಒಟ್ಟು ಸಂಖ್ಯೆಗಳಲ್ಲಿ ಒಂದು ಸಣ್ಣ ಪಾಲು ಮಾತ್ರ! ಹೆಚ್ಚು, ಕಡಿಮೆ, ಸಮ ಎಂಬ ಮಾತುಗಳನ್ನು ಅನಂತಕ್ಕೆ ಬಳಸಬಾರದು ಎಂದು ಹೇಳಿ ಅವನು ಕೈತೊಳೆದುಕೊಂಡ. ಇದಾಗಿ ಸುಮಾರು ಎರಡೂವರೆ ಶತಮಾನ ಇದನ್ನು ಯಾರೂ ಸರಿಯಾಗಿ ಬಿಡಿಸಲಿಲ್ಲ.

ಬಿಡಿಸಿದವನು ಗೇಯಾರ್ಗ್ ಕ್ಯಾಂಟರ್ ಎಂಬ ಗಣಿತಜ್ಞ. ಹುಟ್ಟಿದ್ದು 1845ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಪಾಠ ಹೇಳಿದ್ದು ಜರ್ಮನಿಯ ಹಾಲೆಯಲ್ಲಿ. ಗೆಲಿಲಿಯೊ ಹೆದರಿದ ಜಾಗದಲ್ಲಿ ಅವನು ಹೆದರಲಿಲ್ಲ. ಜೋಡಿ ಕೂಡಿದರೆ ಸಮ, ಅಷ್ಟೇ. ಪಾಲು ಇಡಿಯಷ್ಟೇ ಇದ್ದರೆ ಇರಲಿ ಎಂದ. ಭಿನ್ನರಾಶಿಗಳನ್ನೂ ಸಾಲಾಗಿ ನಿಲ್ಲಿಸಿದ. ಮೇಲಿನದು, ಕೆಳಗಿನದು ಕೂಡಿದರೆ 2 ಬರುವವು ಮೊದಲು, ಆಮೇಲೆ 3 ಬರುವವು, ಆಮೇಲೆ 4. ಎಷ್ಟೇ ದೂರದ ಭಿನ್ನರಾಶಿಯಾದರೂ ಅದರ ಸರದಿ ಬಂದೇ ಬರುತ್ತದೆ. ಹಾಗಾದರೆ ಎಲ್ಲ ಅನಂತಗಳೂ ಒಂದೇ ಅಳತೆಯವಾ?

ಅಲ್ಲ ಎಂದು ಅವನು 1874ರಲ್ಲೇ ತೋರಿಸಿದ್ದ. 1891ರಲ್ಲಿ ಕೊಟ್ಟ ಇನ್ನೊಂದು ರುಜುವಾತಂತೂ ನನ್ನ ಪ್ರಕಾರ ಗಣಿತದಲ್ಲೇ ಅತಿ ಸೊಗಸಾದ ಕೈಚಳಕ. ಸೊನ್ನೆ ಮತ್ತು ಒಂದರ ನಡುವಿನ ಎಲ್ಲ ದಶಮಾಂಶ ಸಂಖ್ಯೆಗಳ ಪಟ್ಟಿ ನನ್ನ ಹತ್ತಿರ ಇದೆ ಎಂದು ನೀವು ಹೇಳುತ್ತೀರಿ. ಒಂದೊಂದೂ ಕೊನೆಯಿಲ್ಲದೆ ಸಾಗುತ್ತದೆ:

0.31415…
0.55555…
0.12345…
0.71828…
0.40965…

ನಾನು ಓರೆಯಾಗಿ ಇಳಿಯುತ್ತೇನೆ. ಮೊದಲ ಸಾಲಿನ ಮೊದಲ ಅಂಕಿ 3, ಎರಡನೆಯದರ ಎರಡನೇ ಅಂಕಿ 5, ಮುಂದೆ 3, 2, 5. ಅಂಕಿ 5 ಆಗಿದ್ದರೆ 6 ಬರೆಯುತ್ತೇನೆ, ಇಲ್ಲದಿದ್ದರೆ 5. ಸಿಕ್ಕಿದ್ದು 0.56556… ಇದು ನಿಮ್ಮ ಪಟ್ಟಿಯಲ್ಲಿ ಎಲ್ಲೂ ಇಲ್ಲ. ನೂರನೇ ಸಾಲಿನಲ್ಲಿದೆ ಎನ್ನುತ್ತೀರಾ? ಅದರ ನೂರನೇ ಅಂಕಿ ನೋಡಿ, ಬೇರೆ. ಹತ್ತು ಲಕ್ಷದ ಸಾಲು? ಹತ್ತು ಲಕ್ಷದ ಅಂಕಿ ಬೇರೆ.

ಮೊದಲನೆಯವನಿಗಿಂತ ಮೂಗು ಬೇರೆ, ಎರಡನೆಯವನಿಗಿಂತ ಕಿವಿ ಬೇರೆ, ಮೂರನೆಯವನಿಗಿಂತ ಗಲ್ಲ ಬೇರೆ ಇರುವ ಒಬ್ಬನನ್ನು ಕಲ್ಪಿಸಿಕೊಳ್ಳಿ. ಒಬ್ಬೊಬ್ಬರಿಗಿಂತ ಒಂದೊಂದು ಗುರುತು ಬೇರೆಯಾದರೆ ಸಾಕು, ಅವನು ಆ ಗುಂಪಿನ ಯಾರೂ ಅಲ್ಲ. ಅಥವಾ ಹೀಗೆ ನೋಡಿ: ಪ್ರತಿ ಸಾಲಿನ ಬಾಗಿಲು ತಟ್ಟಿ 'ನಾನು ನೀನಲ್ಲ' ಎಂದು ಚೀಟಿ ಕೊಟ್ಟು ಬರುವ ಸಂಖ್ಯೆ ಅದು. ಪಟ್ಟಿ ಮಾಡುವುದೆಂದರೆ 1, 2, 3ರ ಜೊತೆ ಜೋಡಿ ಕೂಡಿಸುವುದೇ. ದಶಮಾಂಶಗಳು ಯಾವ ಪಟ್ಟಿಗೂ ಪೂರ್ತಿ ಸಿಗುವುದಿಲ್ಲ ಎಂದರೆ ಅವುಗಳ ಅನಂತ 1, 2, 3ರ ಅನಂತಕ್ಕಿಂತ ದೊಡ್ಡದು.

ಇಲ್ಲಿ ಜಗಳ ಶುರು. ಕ್ಯಾಂಟರ್ ತಪ್ಪು ಎಂದು ಸಾಧಿಸಿದ್ದೇವೆ ಎನ್ನುವವರಿಗೆ ಇವತ್ತೂ ಬರವಿಲ್ಲ. ಅವರ ಮೊದಲ ಬಾಣ: ಆ ಹೊಸ ಸಂಖ್ಯೆಯನ್ನು ಪಟ್ಟಿಯ ತಲೆಗೆ ಸೇರಿಸಿದರೆ ಆಯಿತಲ್ಲ? ಸೇರಿಸಿ. ಈಗ ಅದು ಹೊಸ ಪಟ್ಟಿ. ಮತ್ತೆ ಓರೆಯಾಗಿ ಇಳಿಯುತ್ತೇನೆ, ಇನ್ನೊಂದು ಸಿಗುತ್ತದೆ. ಈ ಒಂದು ಪಟ್ಟಿ ಸೋರುತ್ತದೆ ಎಂದಲ್ಲ ನಾನು ಹೇಳುತ್ತಿರುವುದು, ಯಾವ ಪಟ್ಟಿ ತಂದರೂ ಸೋರುತ್ತದೆ. ಎರಡನೇ ಬಾಣ ಜಾಸ್ತಿ ಚೂಪು: ಇದೇ ಆಟವನ್ನು 1, 2, 3ರ ಮೇಲೂ ಆಡಬಹುದಲ್ಲ, ಆಗ ಅವೂ ಪಟ್ಟಿಗೆ ಸಿಗಬಾರದು? ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿ ಓರೆಯಾಗಿ ಇಳಿದರೆ ಸಿಗುವುದು ಕೊನೆಯಿಲ್ಲದ ಅಂಕಿಗಳ ಸಾಲು. ಪೂರ್ಣಸಂಖ್ಯೆಗೆ ಕೊನೆಯ ಅಂಕಿ ಇರಲೇಬೇಕು. ಹಾಗಾಗಿ ಸಿಕ್ಕಿದ್ದು ಸಂಖ್ಯೆಯೇ ಅಲ್ಲ, ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ನಷ್ಟವೂ ಇಲ್ಲ.

ಇವೆಲ್ಲ ಸುಲಭದ ಆಕ್ಷೇಪಗಳು. ಗಟ್ಟಿ ಆಕ್ಷೇಪ ಬೇರೆಯೇ ಇದೆ. ಮುಗಿಯದೆ ಸಾಗುವುದನ್ನು 'ಒಟ್ಟಿಗೆ ಇದೆ' ಎಂದು ಒಂದು ಚೀಲದಲ್ಲಿ ಹಾಕುವುದು ಸರಿಯಾ? ಅರಿಸ್ಟಾಟಲ್ ಬೇಡ ಎಂದಿದ್ದ. ಹೆಸರಾಂತ ಗಣಿತಜ್ಞ ಗೌಸ್ 1831ರ ಒಂದು ಪತ್ರದಲ್ಲಿ ಅದಕ್ಕೇ ತಕರಾರು ತೆಗೆದ. ಕ್ಯಾಂಟರ್‌ಗೆ ಬರ್ಲಿನ್‌ನಲ್ಲಿ ಪಾಠ ಹೇಳಿದ್ದ ಕ್ರೋನೆಕರ್ ಅವನ ಕಟು ವಿರೋಧಿಯಾದ. ಆಮೇಲೆ ಬ್ರೌವರ್ ಎಂಬ ಡಚ್ ಗಣಿತಜ್ಞನೂ ಈ ಬಣಕ್ಕೆ ಸೇರಿದ. ಇವರು ದಡ್ಡರಲ್ಲ. ಕಟ್ಟಿ ತೋರಿಸಲಾಗದ್ದನ್ನು ಇದೆ ಎನ್ನಬೇಡಿ ಎಂಬುದು ಮರ್ಯಾದೆಯ ವಾದ. ಆದರೂ ಹೆಚ್ಚಿನ ಗಣಿತಜ್ಞರು ಕ್ಯಾಂಟರ್ ಕಡೆಗೇ ನಿಂತರು. ಅವನು ಕಟ್ಟಿದ ಸ್ವರ್ಗದಿಂದ ನಮ್ಮನ್ನು ಯಾರೂ ಹೊರಹಾಕಲಾರರು ಎಂದವನು ಜರ್ಮನ್ ಗಣಿತಜ್ಞ ಹಿಲ್ಬರ್ಟ್.

ಅನಂತದ ಬಗ್ಗೆ ಯೋಚಿಸಿ ಯೋಚಿಸಿ ಕ್ಯಾಂಟರ್‌ಗೆ ಹುಚ್ಚು ಹಿಡಿಯಿತು ಎಂಬ ಕಥೆಯನ್ನು ಮಾತ್ರ ದಯವಿಟ್ಟು ಹಬ್ಬಿಸಬೇಡಿ. ಅವನಿಗೆ ಮನೋರೋಗ ಇತ್ತು, 1918ರಲ್ಲಿ ಆರೋಗ್ಯಧಾಮದಲ್ಲೇ ತೀರಿಕೊಂಡ. ಕಾಯಿಲೆ ಕಾಯಿಲೆಯೇ, ಅನಂತದ ಶಾಪ ಅಲ್ಲ.

ಅವನನ್ನು ಕಾಡಿದ್ದು ಒಂದು ನೇರ ಪ್ರಶ್ನೆ. 1, 2, 3ರ ಅನಂತಕ್ಕಿಂತ ದೊಡ್ಡದು, ದಶಮಾಂಶಗಳ ಅನಂತಕ್ಕಿಂತ ಚಿಕ್ಕದು, ಇಂಥ ನಡುವಿನ ಅನಂತ ಇದೆಯಾ? ಇಲ್ಲ ಎಂದೇ ಅವನ ನಂಬಿಕೆ. 1884ರಲ್ಲಿ ಸಾಧಿಸಿದೆ ಎಂದ, ಹಿಂತೆಗೆದುಕೊಂಡ. ಸುಳ್ಳೆಂದು ಸಾಧಿಸಿದೆ ಎಂದ, ಅದನ್ನೂ ಹಿಂತೆಗೆದುಕೊಂಡ. 1900ರಲ್ಲಿ ಹಿಲ್ಬರ್ಟ್ ತನ್ನ ಪ್ರಶ್ನೆಗಳ ಪಟ್ಟಿಯಲ್ಲಿ ಇದನ್ನೇ ಮೊದಲಿಗೆ ಇಟ್ಟ. ಇಂದು ಹೆಚ್ಚಿನ ಗಣಿತಜ್ಞರು ಬಳಸುವ ಮೂಲ ನಿಯಮಗಳಿಂದ ಕ್ಯಾಂಟರ್‌ನ ಆ ನಂಬಿಕೆಯನ್ನು ಸುಳ್ಳೆಂದು ತೋರಿಸಲಾಗದು ಎಂದು 1940ರ ಹೊತ್ತಿಗೆ ಗೋಡೆಲ್ ಎಂಬ ತರ್ಕಶಾಸ್ತ್ರಜ್ಞ ಸಾಧಿಸಿದ. ನಿಜವೆಂದೂ ತೋರಿಸಲಾಗದು ಎಂದು 1963ರಲ್ಲಿ ಕೊಹೆನ್ ಎಂಬ ಗಣಿತಜ್ಞ ಸಾಧಿಸಿದ. ಆ ನಿಯಮಗಳಲ್ಲೇ ವಿರೋಧ ಇಲ್ಲದಿದ್ದರೆ ಎಂಬ ಷರತ್ತಿನೊಂದಿಗೆ. ಹೊಸ ನಿಯಮ ಹುಡುಕಿ ಉತ್ತರ ತೆಗೆಯೋಣ ಎನ್ನುವವರು ಒಂದು ಕಡೆ, ಉತ್ತರ ಅನ್ನುವುದೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಕ್ಯಾಂಟರ್ 1884ರಲ್ಲಿ ಎರಡೂ ಕಡೆ ಸಾಧಿಸಲು ಹೋಗಿ ಎರಡರಲ್ಲೂ ಸೋತದ್ದು ಅವನ ತಪ್ಪಂತೂ ಅಲ್ಲ.