ಹೈಡ್ರೋಥರ್ಮಲ್ ಮಾರ್ಪಾಡು: ಕಲ್ಲನ್ನು ಜೇಡಿಯಾಗಿಸುವ ಬಿಸಿನೀರು

ಜ್ವಾಲಾಮುಖಿಯಲ್ಲಿ ಲಾವಾ ಉಕ್ಕುವುದು ಯಾವಾಗಲೋ ಒಮ್ಮೆ. ಆದರೆ ಅದರ ಒಡಲಲ್ಲಿ ಬಿಸಿನೀರು ಸಾವಿರಾರು ವರ್ಷ ಬಿಡುವಿಲ್ಲದೆ ಓಡಾಡುತ್ತಿರುತ್ತದೆ. ಮಳೆಯ ನೀರು, ಕರಗಿದ ಹಿಮ ಬಿರುಕುಗಳಲ್ಲಿ ಇಳಿಯುತ್ತವೆ. ಆಳದ ಶಿಲಾಪಾಕದ, ಅಂದರೆ ಕರಗಿದ ಕಲ್ಲಿನ, ಶಾಖಕ್ಕೆ ಕಾದು ಮತ್ತೆ ಮೇಲೇರುತ್ತವೆ. ಈ ಇಡೀ ಏರ್ಪಾಡಿಗೆ ಹೈಡ್ರೋಥರ್ಮಲ್ ವ್ಯವಸ್ಥೆ ಎಂದು ಹೆಸರು. ಬಿಸಿನೀರಿನ ಬುಗ್ಗೆ, ಕುದಿಯುವ ಕೆಸರಿನ ಹೊಂಡ ಎಲ್ಲ ಇದರವೇ. ಓಡಾಡುವ ನೀರು ದಾರಿಯಲ್ಲಿ ಸಿಕ್ಕ ಕಲ್ಲಿನ ಗುಣವನ್ನೇ ಬದಲಿಸುತ್ತದಲ್ಲ, ಅದೇ ಹೈಡ್ರೋಥರ್ಮಲ್ ಮಾರ್ಪಾಡು.

ಸುಮ್ನೆ ಬಿಸಿಯಾದ ನೀರಿಗೆ ಇಷ್ಟು ಶಕ್ತಿ ಬರುವುದಿಲ್ಲ. ಶಿಲಾಪಾಕದಿಂದ ಹೊರಬರುವ ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್‌ನಂಥ ಅನಿಲಗಳು ಸೇರಿ ನೀರು ಆಸಿಡ್ ಆಗುತ್ತದೆ. ಇಂಡೋನೇಷ್ಯಾದ ಕಾವಾ ಇಜೆನ್ ಕುಳಿಯಲ್ಲಿರುವ ಸರೋವರದ ಪಿಎಚ್ 1ಕ್ಕಿಂತಲೂ ಕಡಿಮೆ (ಪಿಎಚ್ ಕಡಿಮೆಯಾದಷ್ಟೂ ಆಸಿಡ್ ಜಾಸ್ತಿ).

ಇಂಥ ನೀರು ಆಂಡಿಸೈಟ್ ಕಲ್ಲಿಗೆ ಏನು ಮಾಡುತ್ತದೆ ನೋಡಿ. ಬೂದು ಬಣ್ಣದ ಗಟ್ಟಿ ಕಲ್ಲು ಅದು. ಒಳಗೆ ಫೆಲ್ಡ್‌ಸ್ಪಾರ್ ಎಂಬ ಬಿಳಿ ಹರಳುಗಳಿರುತ್ತವೆ. ಆಸಿಡ್ ನೀರು ಹರಳಿನಿಂದ ಸೋಡಿಯಂ, ಕ್ಯಾಲ್ಸಿಯಂ ಅನ್ನು ಕಿತ್ತು ಒಯ್ಯುತ್ತದೆ. ಉಳಿದ ಅಲ್ಯೂಮಿನಿಯಂ, ಸಿಲಿಕಾ ನೀರಿನ ಜೊತೆ ಸೇರಿ ಕೆಯೋಲಿನೈಟ್ ಎಂಬ ಜೇಡಿಯಾಗುತ್ತವೆ. ಎಷ್ಟೋ ಸಲ ಹರಳಿನ ಆಕಾರ ಹಾಗೇ ಇರುತ್ತದೆ, ಆದರೆ ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ! ಆಸಿಡ್ ಇನ್ನೂ ಜಾಸ್ತಿಯಾದರೆ ಅಲ್ಯೂಮಿನಿಯಂ ಕೂಡ ಹೋಗಿ, ತೂತುತೂತಾದ ಸಿಲಿಕಾ ಮಾತ್ರ ಉಳಿಯುತ್ತದೆ. ಆಸಿಡ್ ಕಡಿಮೆ ಇರುವ ಕಡೆ ಕ್ಲೋರೈಟ್, ಎಪಿಡೋಟ್ ಎಂಬ ಹಸಿರು ಖನಿಜಗಳು ಹುಟ್ಟಿ ಕಲ್ಲು ಹಸಿರಾಗುತ್ತದೆ.

ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಬೆಟ್ಟ ಒಳಗೊಳಗೇ ಸಡಿಲವಾಗುವುದು ಹೀಗೆ. ಅಮೆರಿಕದ ಜ್ವಾಲಾಮುಖಿ ಮೌಂಟ್ ರೇನಿಯರ್‌ನ ತುದಿ ಸುಮಾರು 5,600 ವರ್ಷಗಳ ಹಿಂದೆ ಕುಸಿಯಿತು. ಜೇಡಿ ತುಂಬಿದ್ದ ಆ ಕಲ್ಲು ನೀರಿನೊಡನೆ ಬೆರೆತು, ಕೆಸರಿನ ಪ್ರವಾಹವಾಗಿ ದೂರದ ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಯ ತನಕ ಹರಿಯಿತು. ಅದಕ್ಕೆ ಒಸಿಯೋಲಾ ಕೆಸರು ಪ್ರವಾಹ ಎಂದು ಹೆಸರು.

ಇನ್ನೊಂದು ಅಪಾಯ ಇದಕ್ಕೆ ತಿರುಗುಮುರುಗು. ಮೇಲೇರಿದ ನೀರು ತಣ್ಣಗಾದಾಗ ಕರಗಿದ್ದ ಸಿಲಿಕಾ, ಆಲುನೈಟ್‌ನಂಥ ಖನಿಜಗಳು ಬಿರುಕಿನಲ್ಲಿ ಕೂತು ದಾರಿ ಮುಚ್ಚುತ್ತವೆ. ಕೆಳಗೆ ಹಬೆ, ಅನಿಲಗಳ ಒತ್ತಡ ಏರುತ್ತಲೇ ಹೋಗುತ್ತದೆ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ಒಡೆದರೆ ಮಾತ್ರ ಕ್ಷಣದಲ್ಲಿ ಹಬೆಯಾಗಿ ಸ್ಫೋಟಿಸುತ್ತದೆ. ಜಪಾನಿನ ಒಂಟಾಕೆ ಬೆಟ್ಟದಲ್ಲಿ 2014ರ ಸೆಪ್ಟೆಂಬರ್ 27ರಂದು ನಡೆದದ್ದು ಹಬೆಯ ಸ್ಫೋಟವೇ. ಹೊಸ ಲಾವಾ ಬರಲೇ ಇಲ್ಲ. ಚಾರಣಕ್ಕೆ ಹೋಗಿದ್ದವರಲ್ಲಿ 63 ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಶಿಲಾಪಾಕ ಮೇಲೇರುವಾಗ ಸಿಗುವಷ್ಟು ಸ್ಪಷ್ಟ ಮುನ್ಸೂಚನೆ ಇಂಥ ಸ್ಫೋಟಗಳಲ್ಲಿ ಸಿಗುವುದು ಕಡಿಮೆ. ಈ ವಿಷಯ ಭೂವಿಜ್ಞಾನಿಗಳಿಗಷ್ಟೇ ಅಲ್ಲ, ಬೆಟ್ಟ ಹತ್ತುವ ಎಲ್ಲರಿಗೂ ಗೊತ್ತಿರಬೇಕು.

ಇದೇ ಬಿಸಿನೀರು ತಾಮ್ರ, ಚಿನ್ನವನ್ನೂ ಹೊತ್ತು ತಂದು ಬಿರುಕುಗಳಲ್ಲಿ ಇಳಿಸುತ್ತದೆ. ಚಿಲಿಯ ದೊಡ್ಡ ತಾಮ್ರದ ಗಣಿಗಳ ಅದಿರು ಹುಟ್ಟಿದ್ದು ಹಾಗೆಯೇ.

ಬೆಟ್ಟ ಕೊರೆಯದೆ ಒಳಗಿನ ಸ್ಥಿತಿ ಹೇಗೆ ತಿಳಿಯುವುದು? ಮಾರ್ಪಟ್ಟ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ನಾಶವಾಗಿ ಅಯಸ್ಕಾಂತದ ಗುಣ ಕುಂದಿರುತ್ತದೆ. ಒದ್ದೆ ಜೇಡಿಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಇವೆರಡನ್ನೂ ಹೆಲಿಕಾಪ್ಟರ್‌ನಿಂದಲೇ ಅಳೆಯಬಹುದು. ರೇನಿಯರ್ ಮೇಲೆ ಹೀಗೆ ಅಳೆದಾಗ, ಮಾರ್ಪಟ್ಟ ಕಲ್ಲು ಹೆಚ್ಚಾಗಿ ಕಂಡದ್ದು ಪಶ್ಚಿಮದ ಮೇಲ್ಭಾಗದಲ್ಲಿ. ಮುಂದೆ ದೊಡ್ಡ ಕುಸಿತವಾದರೆ ಆ ಕಡೆಯ ಕಣಿವೆಗಳಿಗೇ ಅಪಾಯ ಜಾಸ್ತಿ.