ವಾಪಸ್ ಬಂದ ಮೇಲ್ ಓದದೆ ಡಿಲೀಟ್ ಮಾಡಬೇಡಿ ಸ್ವಾಮಿ

ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಿಂದ ಒಂದು ಫೋನ್ ಬಂತು. 'ಸಾರ್, ಸರ್ವರ್ ಡೌನ್ ಆಗಿದೆಯಾ? ನಾಲ್ಕು ದಿನದಿಂದ ಬೆಂಗಳೂರಿನ ಪಾರ್ಟಿಗೆ ಮೇಲ್ ಹೋಗ್ತಿಲ್ಲ.' ಮೆಷಿನ್ ಬಿಡಿಭಾಗ ಮಾಡುವ ಸಣ್ಣ ಫ್ಯಾಕ್ಟರಿ, ಹಳೇ ಗಿರಾಕಿ. ವಾಪಸ್ ಏನಾದರೂ ಬಂದಿದೆಯಾ ಅಂತ ಕೇಳಿದೆ. 'ಅದೇನೋ ಮೇಲರ್ ಡೇಮನ್ ಅಂತ ಬರ್ತಿತ್ತು. ಡೇಮನ್ ಅಂದ್ರೆ ದೆವ್ವ ಅಲ್ವಾ? ವೈರಸ್ ಇರಬೇಕು ಅಂತ ನಾನೇ ಅಳಿಸಿಬಿಟ್ಟೆ.'

ದೆವ್ವ ಅಲ್ಲ. ತೆರೆಯ ಹಿಂದೆ ಸದ್ದಿಲ್ಲದೆ ಕೆಲಸ ಮಾಡುವ ಪ್ರೋಗ್ರಾಮಿಗೆ 1960ರ ದಶಕದಲ್ಲಿ ಅಮೆರಿಕದ ಎಂಐಟಿಯವರು ಇಟ್ಟ ಹೆಸರು. ಪುಣ್ಯಾತ್ಮರು ಬೇರೇನಾದರೂ ಇಟ್ಟಿದ್ದರೆ ನನಗೆ ಅರ್ಧ ಫೋನ್ ಕಮ್ಮಿಯಾಗುತ್ತಿತ್ತು.

ರಿಜಿಸ್ಟರ್ ಪೋಸ್ಟ್ ವಾಪಸ್ ಬಂದರೆ ನಾವು ಏನು ಮಾಡುತ್ತೇವೆ? ಕವರ್ ತಿರುಗಿಸಿ ಪೋಸ್ಟ್‌ಮ್ಯಾನ್ ಬರೆದ ಷರಾ ಓದುತ್ತೇವೆ. ಬಾಗಿಲು ಹಾಕಿತ್ತೋ, ಮನೆ ಬಿಟ್ಟು ಹೋಗಿದ್ದಾರೋ, ಆ ಹೆಸರಿನವರೇ ಇಲ್ಲವೋ ಅಂತ ನೋಡುತ್ತೇವೆ. ಓದದೆ ಕಸಕ್ಕೆ ಹಾಕುವವರು ಯಾರೂ ಇಲ್ಲ. ಮೇಲ್ ವಿಷಯಕ್ಕೆ ಬಂದರೆ ಮಾತ್ರ ಅದೇ ಜನ ಅದನ್ನೇ ಮಾಡುತ್ತಾರೆ.

ಆ ವಾಪಸ್ ಮೇಲ್ ಬರೆದದ್ದು ಯಾರು ಅನ್ನುವುದನ್ನು ನಾನು ವಾರಕ್ಕೆ ಎರಡು ಸಲವಾದರೂ ಹೇಳುತ್ತೇನೆ. ಇಲ್ಲೂ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಬರೆಯುವುದು ನಿಮ್ಮದೇ ಸರ್ವರ್. ಅದು ಆ ಕಡೆಯ ಸರ್ವರಿನ ಬಾಗಿಲಿಗೆ ಹೋಗಿ ತಟ್ಟಿದೆ. ಅವರು ಒಳಗೆ ಬಿಟ್ಟಿಲ್ಲ. ಬಿಡದೆ ಇರುವುದಕ್ಕೆ ಒಂದು ನಂಬರ್, ಒಂದು ಸಾಲು ಕಾರಣ ಹೇಳಿದ್ದಾರೆ. ನಿಮ್ಮ ಸರ್ವರ್ ಆ ಮಾತನ್ನು ಹಾಗೇ ತಂದು ನಿಮ್ಮ ಇನ್‌ಬಾಕ್ಸಿಗೆ ಹಾಕಿದೆ. ಅಂದರೆ ಕಾಗದ ನಮ್ಮವನದು, ಒಳಗಿನ ಷರಾ ಅವರದು. ಇಷ್ಟೆಲ್ಲ ಓಡಾಡಿ ಬಂದ ಸರ್ವರಿಗೆ 'ಡೌನ್ ಆಗಿದೆಯಾ' ಅಂದರೆ ಹೇಗೆ? ಆ ಕಾಗದಕ್ಕೆ ರಿಪ್ಲೈ ಮಾಡಿಯೂ ಪ್ರಯೋಜನವಿಲ್ಲ, ಓದುವವರಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರು ಡೇಮನ್‌ಗೇ ಮೂರು ಸಲ ಬರೆದಿದ್ದರು: 'ದಯವಿಟ್ಟು ಅರ್ಜೆಂಟ್ ಇದೆ, ಕಳಿಸಿಕೊಡಿ ಅಣ್ಣ.'

ನಂಬರಿನಲ್ಲಿ ಮೊದಲ ಅಂಕಿ ನೋಡಿದರೆ ಸಾಕು. ಸರ್ವರ್‌ಗಳು ಮೇಲ್ ಸಾಗಿಸಲು ಪಾಲಿಸುವ 1982ರ ಎಸ್‌ಎಂಟಿಪಿ ನಿಯಮದಿಂದಲೂ ಅದೇ ಲೆಕ್ಕ. 4 ಇದ್ದರೆ 'ಈಗ ಆಗಲ್ಲ, ಆಮೇಲೆ ಬಾ'. 5 ಇದ್ದರೆ 'ಆಗಲ್ಲ, ಹೋಗು'. 4ಕ್ಕೆ ಸುಮ್ನೆ ಇರಬೇಕು. ಸರ್ವರ್ ತಾನೇ ಮತ್ತೆ ಮತ್ತೆ ಹೋಗುತ್ತದೆ. ನಾಲ್ಕೈದು ದಿನವಾದರೂ ಪ್ರಯತ್ನ ಬಿಡಬಾರದು ಅಂತ ನಿಯಮದಲ್ಲೇ ಇದೆ, ಕೆಲವರು ಬೇಗ ಕೈಬಿಡುವಂತೆ ಸೆಟ್ ಮಾಡಿರುತ್ತಾರೆ. ಕೆಲವು ಕಡೆ ಗುರುತಿಲ್ಲದ ಕಡೆಯಿಂದ ಬಂದ ಮೊದಲ ಮೇಲನ್ನು ಬೇಕೆಂದೇ 451 ಹೇಳಿ ಕಳಿಸುತ್ತಾರೆ. ಸರಿಯಾದ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತದೆ, ಸ್ಪ್ಯಾಮ್ ಕಳಿಸುವವನು ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಮಂಡಿಯವರಿಗೆ ಬಂದಿದ್ದು ಅದೇ. ತಡೆಯಲಾರದೆ ಒಂದೇ ಬಿಲ್ಲನ್ನು ಏಳು ಸಲ ಕಳಿಸಿದ್ದರು. ಸಂಜೆಯೊಳಗೆ ಏಳೂ ಹೋಗಿ ಮುಟ್ಟಿದವು.

5 ಬಂದರೆ ಕತೆ ಬೇರೆ. ನೂರು ಸಲ ಕಳಿಸಿದರೂ ಅದೇ ಉತ್ತರ. ಅಲ್ಲಿ ಪಕ್ಕದ ಚುಕ್ಕಿ ನಂಬರ್ ಓದಬೇಕು. 5.1.1 ಅಂದರೆ ಆ ವಿಳಾಸವೇ ಇಲ್ಲ. 5.2.2 ಅಂದರೆ ಅವರ ಡಬ್ಬಿ ತುಂಬಿದೆ. 5.7 ಅಂತ ಶುರುವಾದರೆ ನಿಮ್ಮನ್ನು ನಂಬಲಿಲ್ಲ, ಇಲ್ಲವೇ ಅವರ ನಿಯಮ ಬಿಡಲಿಲ್ಲ. ಎಲ್ಲರೂ ನೆಟ್ಟಗೆ ಕಾರಣ ಬರೆಯುವುದಿಲ್ಲ ಅನ್ನುವುದೂ ನಿಜ. ಹಾಗಾಗಿ ನಂಬರ್ ಒಂದರ ಮೇಲೇ ನಾನು ತೀರ್ಪು ಕೊಡುವುದಿಲ್ಲ.

ಅಂತರಸನಹಳ್ಳಿಯವರ ವಾದ ಬೇರೆ ಇತ್ತು. 'ನನ್ನ ಮಗನ ಜಿಮೇಲ್‌ಗೆ ಹೋಗುತ್ತೆ, ಅವರಿಗೆ ಮಾತ್ರ ಹೋಗಲ್ಲ. ಅಂದ್ಮೇಲೆ ತಪ್ಪು ಅವರದೇ ಅಲ್ವಾ?' ಅಲ್ಲ. ಒಂದು ಮನೆ ವಾಚ್‌ಮನ್ ಬಿಟ್ಟ ಅಂತ ಪಕ್ಕದ ಮನೆಯವನೂ ಬಿಡಬೇಕಾ? ಇನ್ನೊಂದು ಟೆಸ್ಟ್ ಮೇಲ್ ಕಳಿಸಿ, ಬಂದದ್ದನ್ನು ನನಗೆ ಕಳಿಸಿ ಅಂದೆ. ವಾಟ್ಸಾಪ್‌ನಲ್ಲಿ ಮಾನಿಟರಿನ ಫೋಟೊ ಬಂತು. ಅದರಲ್ಲಿ ಟ್ಯೂಬ್‌ಲೈಟ್ ಚೆನ್ನಾಗಿ ಕಾಣುತ್ತಿತ್ತು, ಗೋಡೆ ಕ್ಯಾಲೆಂಡರೂ ಕಾಣುತ್ತಿತ್ತು. ನನಗೆ ಬೇಕಿದ್ದ ಸಾಲು ಸ್ಕ್ರೀನಿನ ಕೆಳಗಡೆ ಉಳಿದಿತ್ತು. ಪೂರ್ತಿ ಮೇಲನ್ನೇ ಫಾರ್ವರ್ಡ್ ಮಾಡಿಸಿದ ಮೇಲೆ ಕಂಡಿತು: 550 5.7.24.

ಎಸ್‌ಪಿಎಫ್ ಅಂತ ಒಂದಿದೆ, ಅದರಲ್ಲಿ ತಪ್ಪಿದೆ ಅಂತ ಈ ನಂಬರಿನ ಅರ್ಥ. ನಮ್ಮ ಡೊಮೇನ್ (ವಿಳಾಸದಲ್ಲಿ @ ಆದ ಮೇಲೆ ಬರುವುದು) ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನುವ ಪಟ್ಟಿ, ಡಿಎನ್‌ಎಸ್ ಅನ್ನುವ ಇಂಟರ್ನೆಟ್ಟಿನ ವಿಳಾಸ ಪುಸ್ತಕದಲ್ಲಿ ಹಾಕಿಟ್ಟಿರುತ್ತೇವೆ. ಆ ಪಟ್ಟಿ ಒಂದೇ ಇರಬೇಕು. ಇವರು ಹೊಸದಾಗಿ ಬಿಲ್ ಕಳಿಸುವ ಸಾಫ್ಟ್‌ವೇರ್ ತಗೊಂಡಿದ್ದರು. ವೆಬ್‌ಸೈಟ್ ಹುಡುಗ ಹಳೇ ಪಟ್ಟಿಗೆ ಒಂದು ಹೆಸರು ಸೇರಿಸುವ ಬದಲು ಇನ್ನೊಂದು ಪಟ್ಟಿಯನ್ನೇ ಪಕ್ಕದಲ್ಲಿ ಅಂಟಿಸಿದ್ದ. ಎರಡು ಪಟ್ಟಿ ಸಿಕ್ಕರೆ ನೋಡುವ ಸರ್ವರ್ ಯಾವುದನ್ನೂ ಆರಿಸುವುದಿಲ್ಲ, ತಪ್ಪು ಅಂತ ಬರೆದುಕೊಳ್ಳುತ್ತದೆ. ಇವರ ಮೇಲಿಗೆ ಡಿಕೆಐಎಂ ಸಹಿ, ಅಂದರೆ ಮೇಲ್ ಆ ಡೊಮೇನಿನದೇ ಅಂತ ತೋರಿಸುವ ಡಿಜಿಟಲ್ ಮುದ್ರೆ, ಸರಿಯಾಗಿತ್ತು. 2024ರ ಫೆಬ್ರವರಿಯಿಂದ ಜಿಮೇಲ್ ಸಣ್ಣವರ ಹತ್ತಿರ ಎಸ್‌ಪಿಎಫ್, ಡಿಕೆಐಎಂ ಎರಡರಲ್ಲಿ ಒಂದಾದರೂ ಇರಲಿ ಅನ್ನುತ್ತದೆ, ದಿನಕ್ಕೆ 5,000 ಮೇಲಿನ ಲೆಕ್ಕದಲ್ಲಿ ಕಳಿಸುವವರಿಗೆ ಎರಡೂ ಬೇಕು. ಹಾಗಾಗಿ ಮಗನಿಗೆ ಮುಟ್ಟಿತ್ತು. ಬೆಂಗಳೂರಿನವರು ಅಷ್ಟು ಸಡಿಲ ಬಿಟ್ಟಿರಲಿಲ್ಲ.

ಎರಡನ್ನೂ ಸೇರಿಸಿ ಒಂದು ಮಾಡಿದೆ. ಐದು ನಿಮಿಷದ ಕೆಲಸ. ಡಿಎನ್‌ಎಸ್‌ನ ಹಳೇ ನೆನಪು ಅಳಿಯುವವರೆಗೆ ಒಂದು ಗಂಟೆ ಕಾದೆವು, ಮೇಲ್ ಹೋಯಿತು. 'ನಾಲ್ಕು ದಿನ ಪರದಾಡಿದ್ದು ಇಷ್ಟಕ್ಕಾ?' ಅಂದರು. ಮೊದಲ ದಿನವೇ ಡಿಲೀಟ್ ಆದ ಕಾಗದದಲ್ಲೂ ಇದೇ ನಂಬರ್ ಇತ್ತು ಅಂತ ಹೇಳಬೇಕು ಅನ್ನಿಸಿತು. ಕಾಫಿ ತರಿಸಿದ್ದರು, ಸುಮ್ಮನಾದೆ.

ಒಂದು ಎಚ್ಚರಿಕೆ. ಅವರಿಗೆ ಬಂದ ಅನುಮಾನ ಪೂರ್ತಿ ತಪ್ಪೇನಲ್ಲ. ನಕಲಿ ವಾಪಸ್ ಮೇಲೂ ಬರುತ್ತವೆ. 'ನಿಮ್ಮ ಮೇಲ್ ತಡೆಹಿಡಿಯಲಾಗಿದೆ, ಬಿಡಿಸಿಕೊಳ್ಳಲು ಇಲ್ಲಿ ಒತ್ತಿ' ಅಂತ ಲಿಂಕ್ ಇದ್ದರೆ ಒತ್ತಬೇಡಿ. ನಿಜವಾದದ್ದು ಪಾಸ್‌ವರ್ಡ್ ಕೇಳುವುದಿಲ್ಲ. ನೀವು ಕಳಿಸಿಯೇ ಇರದ ಮೇಲ್ ವಾಪಸ್ ಬಂದರೂ ಅಳಿಸುವ ಮೊದಲು ನಿಮ್ಮ ಐಟಿಯವರಿಗೆ ತೋರಿಸಿ.

ಹೋದ ವಾರ ಅದೇ ಯಜಮಾನರು ಪೂರ್ತಿ ಕಾಗದ ಫಾರ್ವರ್ಡ್ ಮಾಡಿದ್ದರು, ಮೇಲೆ ಒಂದು ಸಾಲು: 'ಸಾರ್, ಇದು ಐದು.' ಹೌದು, 552 5.3.4. ಸೈಜ್ ಜಾಸ್ತಿ. 20 ಎಂಬಿ ಡ್ರಾಯಿಂಗ್ ಫೈಲು ಮೇಲ್ ಒಳಗೆ ಹೋಗುವಾಗ ಮೂರನೇ ಒಂದರಷ್ಟು ಊದಿಕೊಂಡು 27 ಎಂಬಿ ಮುಟ್ಟುತ್ತದೆ. ಎರಡು ಭಾಗ ಮಾಡಿ ಕಳಿಸಿ ಅಂದೆ. ಮೊದಲನೆಯದು ಹೋಯಿತು. ಎರಡನೆಯದು ವಾಪಸ್ ಬಂತು, 5.1.1. ಅವಸರದಲ್ಲಿ ವಿಳಾಸದ ಒಂದು ಅಕ್ಷರ ಬಿಟ್ಟಿದ್ದರು. ಈ ಸಲ ನನಗೆ ಫೋನ್ ಬರಲಿಲ್ಲ.