ಎಂಟು ಕಾರ್ಡ್‌ಗಳ ಗಣಿತ: ಹೊಸಬರು ಡೆಕ್ ಕಟ್ಟುವ ಬಗೆ

ಕ್ಲ್ಯಾಷ್ ರಾಯಲ್ ಎಂಬ ಮೊಬೈಲ್ ಆಟದಲ್ಲಿ ಇಬ್ಬರು ಕಾರ್ಡ್‌ಗಳ ಮೂಲಕ ಪಡೆಗಳನ್ನು ಇಳಿಸಿ ಪರಸ್ಪರರ ಟವರ್‌ಗಳನ್ನು ಉರುಳಿಸಲು ನೋಡುತ್ತಾರೆ; ಆಡಲು ಆರಿಸಿಕೊಂಡ ಎಂಟು ಕಾರ್ಡ್‌ಗಳ ಕಟ್ಟೇ ಡೆಕ್. ಈ ಆಟಕ್ಕೆ ಹೊಸದಾಗಿ ಬಂದವರು ಕಟ್ಟುವ ಡೆಕ್‌ಗಳಲ್ಲಿ ಒಂದು ಸಾಮಾನ್ಯ ಲಕ್ಷಣವಿದೆ. ಕೈಗೆ ಸಿಕ್ಕ ದೊಡ್ಡ ದೊಡ್ಡ ಕಾರ್ಡ್‌ಗಳೆಲ್ಲ ಅದರಲ್ಲಿ ಸೇರಿರುತ್ತವೆ. ಬಿಡಿಯಾಗಿ ನೋಡಿದರೆ ಒಂದೊಂದು ಕಾರ್ಡೂ ಬಲಶಾಲಿಯೇ. ಆದರೂ ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಎದುರಾಳಿಯ ಪುಟ್ಟ ಪಡೆಗಳು ಒಂದರ ಹಿಂದೆ ಒಂದು ನುಗ್ಗಿ ಬರುತ್ತವೆ. ಇತ್ತ ಕೈಯಲ್ಲಿರುವ ನಾಲ್ಕು ಕಾರ್ಡ್‌ಗಳಲ್ಲಿ ಒಂದನ್ನೂ ಹಾಕುವಷ್ಟು ಎಲಿಕ್ಸಿರ್, ಅಂದರೆ ಕಾರ್ಡ್ ಆಡಲು ತೆರಬೇಕಾದ ಶಕ್ತಿ, ಇರುವುದಿಲ್ಲ. ಹೊಸಬರು ಇದನ್ನು ತಮ್ಮ ಕೈಚಳಕದ ಕೊರತೆ ಎಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಂತಹ ಸೋಲುಗಳಲ್ಲಿ ಹೆಚ್ಚಿನವು ಡೆಕ್ ಕಟ್ಟುವಾಗಲೇ ನಿಶ್ಚಯವಾಗಿರುತ್ತವೆ. ಡೆಕ್ ಎಂದರೆ ಮೂರು ನಿಮಿಷದ ಸಮಯವನ್ನು ಹೇಗೆ ಖರ್ಚು ಮಾಡಬೇಕು ಎಂಬ ಯೋಜನೆ. ಆ ಯೋಜನೆಯ ಲೆಕ್ಕ ಮಾಡಲು ಶಾಲೆಯ ಗಣಿತ ಸಾಕು.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿರುವ ಸೂಪರ್‌ಸೆಲ್ ಕಂಪನಿ 2016ರ ಮಾರ್ಚ್‌ನಲ್ಲಿ ಈ ಆಟವನ್ನು ಜಗತ್ತಿನಾದ್ಯಂತ ಬಿಡುಗಡೆ ಮಾಡಿತು. ಈಗ ಇದರಲ್ಲಿ ನೂರಕ್ಕೂ ಹೆಚ್ಚು ಕಾರ್ಡ್‌ಗಳಿವೆ. ಅವುಗಳಿಂದ ಎಂಟನ್ನು ಆರಿಸಿ ಡೆಕ್ ಮಾಡಬೇಕು. ಬರೀ ನೂರು ಕಾರ್ಡ್ ಎಂದಿಟ್ಟುಕೊಂಡರೂ ಎಂಟನ್ನು ಆರಿಸುವ ವಿಧಗಳು 18,600 ಕೋಟಿಯನ್ನು ಮೀರುತ್ತವೆ. ಕಾರ್ಡ್‌ಗಳನ್ನು ಸಂಗ್ರಹಿಸಿ, ಆರಿಸಿ, ಡೆಕ್ ಕಟ್ಟಿ ಆಡುವ ಆಟಗಳ ಪರಂಪರೆಯನ್ನು 1993ರಲ್ಲಿ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಮೂಲಕ ಆರಂಭಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು ಎಂಬುದು ಆಕಸ್ಮಿಕವಲ್ಲ. ಇಷ್ಟೊಂದು ಸಾಧ್ಯತೆಗಳನ್ನು ಒಂದೊಂದಾಗಿ ಆಡಿ ನೋಡುವುದು ಯಾರಿಂದಲೂ ಆಗದು. ಕೆಲವು ತತ್ತ್ವಗಳನ್ನು ಹಿಡಿದು ಬೇಡದ್ದನ್ನು ಕಳೆಯುತ್ತ ಹೋಗಬೇಕು.

ಮೊದಲ ತತ್ತ್ವ ಎಲಿಕ್ಸಿರ್‌ನದು. ಪ್ರತಿ ಕಾರ್ಡಿಗೂ ಎಲಿಕ್ಸಿರ್ ಬೆಲೆಯಿದೆ. ಸಾಮಾನ್ಯ ಪಂದ್ಯದಲ್ಲಿ ಪ್ರತಿ 2.8 ಸೆಕೆಂಡಿಗೆ ಒಂದರಂತೆ ಅದು ಜಮೆಯಾಗುತ್ತದೆ. ಕೊನೆಯ ಒಂದು ನಿಮಿಷದಲ್ಲಿ ವೇಗ ಇಮ್ಮಡಿಯಾಗಿ 1.4 ಸೆಕೆಂಡಿಗೆ ಒಂದು ಬರುತ್ತದೆ. ಭಾಗಿಸಿ ನೋಡಿ: ಮೊದಲ 120 ಸೆಕೆಂಡಿನಲ್ಲಿ ಸುಮಾರು 43, ಕೊನೆಯ 60 ಸೆಕೆಂಡಿನಲ್ಲೂ ಸುಮಾರು 43. ಗಡಿಯಾರದ ಪ್ರಕಾರ ಪಂದ್ಯದ ಅರ್ಧ ಭಾಗ ಮುಗಿಯುವುದು ಒಂದೂವರೆ ನಿಮಿಷಕ್ಕೆ. ಎಲಿಕ್ಸಿರ್ ಪ್ರಕಾರ ಎರಡನೇ ನಿಮಿಷ ಕಳೆದಾಗಲೂ ಅರ್ಧ ಯುದ್ಧ ಬಾಕಿಯಿರುತ್ತದೆ. ಇನ್ನೊಂದು ನಿಯಮವಿದೆ: ಹತ್ತಕ್ಕಿಂತ ಹೆಚ್ಚು ಎಲಿಕ್ಸಿರ್ ಶೇಖರವಾಗುವುದಿಲ್ಲ. ಹತ್ತು ತುಂಬಿದ ಮೇಲೂ ಸುಮ್ಮನೆ ಕುಳಿತರೆ, ತುಂಬಿದ ಬಿಂದಿಗೆಯ ಮೇಲೆ ನಲ್ಲಿ ಬಿಟ್ಟಂತೆ, ಬಂದದ್ದೆಲ್ಲ ಚೆಲ್ಲಿ ಹೋಗುತ್ತದೆ.

ಈಗ ಡೆಕ್‌ನ ನಿಜವಾದ ಯಂತ್ರಕ್ಕೆ ಬರೋಣ. ಅದು ಕಾರ್ಡ್‌ಗಳ ಸರದಿ. ಎಂಟರಲ್ಲಿ ನಾಲ್ಕು ಕೈಯಲ್ಲಿರುತ್ತವೆ, ನಾಲ್ಕು ಸಾಲಿನಲ್ಲಿ ಕಾಯುತ್ತಿರುತ್ತವೆ. ಒಂದನ್ನು ಹಾಕಿದರೆ ಅದು ಸಾಲಿನ ಕೊನೆಗೆ ಹೋಗುತ್ತದೆ, ಸಾಲಿನ ಮೊದಲನೆಯದು ಕೈಗೆ ಬರುತ್ತದೆ. ಆರಂಭದ ಹಂಚಿಕೆ ಮುಗಿದ ಮೇಲೆ ಇಲ್ಲಿ ಅದೃಷ್ಟದ ಮಾತೇ ಇಲ್ಲ. ಜೈಂಟ್ ಎಂಬ ಕಾರ್ಡ್ ಹಾಕಿದಿರಿ ಎನ್ನಿ. ಅದರ ಮುಂದೆ ಮೂರು ಕಾರ್ಡ್‌ಗಳಿವೆ. ಬೇರೆ ಮೂರನ್ನು ಆಡಿದಾಗ ಆ ಮೂರೂ ಕೈಗೆ ಬರುತ್ತವೆ, ನಾಲ್ಕನೆಯದನ್ನು ಆಡಿದಾಗ ಜೈಂಟ್ ಮರಳುತ್ತದೆ. ಅಂದರೆ ಯಾವ ಕಾರ್ಡೇ ಆಗಲಿ, ಅದು ಕೈಗೆ ಮರಳಬೇಕಾದರೆ ನಡುವೆ ಬೇರೆ ನಾಲ್ಕು ಕಾರ್ಡ್ ಆಡಲೇಬೇಕು. ಆ ನಾಲ್ಕು ಎಷ್ಟು ಅಗ್ಗವೋ ನಿಮ್ಮ ಮುಖ್ಯ ಕಾರ್ಡ್ ಅಷ್ಟು ಬೇಗ ಮರಳುತ್ತದೆ.

ಹಾಗ್ ರೈಡರ್ ಎಂಬ ಕಾರ್ಡನ್ನು ಮುಖ್ಯ ದಾಳಿಗೆ ಇಟ್ಟುಕೊಂಡ, ಆಟಗಾರರಲ್ಲಿ ಬಹಳ ಹೆಸರಾದ ಡೆಕ್ ಒಂದರ ಸರಾಸರಿ ಬೆಲೆ 2.6. ಅದರಲ್ಲಿ ಒಂದು ಎಲಿಕ್ಸಿರ್‌ನ ಎರಡು, ಎರಡು ಎಲಿಕ್ಸಿರ್‌ನ ಎರಡು ಕಾರ್ಡ್‌ಗಳಿವೆ. ಆ ನಾಲ್ಕನ್ನೂ ಆಡಲು 6 ಎಲಿಕ್ಸಿರ್ ಸಾಕು. ಹಾಗ್ ರೈಡರ್‌ನ 4 ಸೇರಿದರೆ ಒಂದು ಸುತ್ತಿಗೆ 10, ಅಂದರೆ 28 ಸೆಕೆಂಡು. ಇದಕ್ಕೆ ವಿರುದ್ಧ ತುದಿಯಲ್ಲಿರುವ ಭಾರದ ಗೋಲೆಮ್ ಡೆಕ್‌ನಲ್ಲಿ ಗೋಲೆಮ್‌ಗೇ 8 ಬೇಕು. ಅಗ್ಗದ ನಾಲ್ಕು ಕಾರ್ಡ್‌ಗಳ ಮೊತ್ತ 12 ಇದ್ದರೆ ಒಂದು ಸುತ್ತಿಗೆ 20, ಅಂದರೆ 56 ಸೆಕೆಂಡು. ಮೊದಲ ಎರಡು ನಿಮಿಷಗಳಲ್ಲಿ ಒಬ್ಬರು ನಾಲ್ಕು ಬಾರಿ ಮುಖ್ಯ ದಾಳಿ ನಡೆಸಬಹುದು, ಇನ್ನೊಬ್ಬರು ಎರಡೇ ಬಾರಿ. ಎರಡೂ ಒಳ್ಳೆಯ ಡೆಕ್‌ಗಳೇ. ಆದರೆ ಎರಡೂ ಹೊಸಬರಿಗೆ ಕಷ್ಟ. ಮೊದಲನೆಯದು ಪ್ರತಿ ಸೆಕೆಂಡೂ ನಿಖರವಾದ ಕೈ ಕೇಳುತ್ತದೆ. ಎರಡನೆಯದರಲ್ಲಿ ಒಂದು ತಪ್ಪಾದರೆ ತಿದ್ದಿಕೊಳ್ಳುವಷ್ಟರಲ್ಲಿ ಟವರ್ ಉರುಳಿರುತ್ತದೆ.

ಡೆಕ್ ಪರದೆಯ ಮೇಲೆ ಕಾಣುವ ಸರಾಸರಿ ಬೆಲೆಯನ್ನು ಮಾತ್ರ ನಂಬಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. 5, 4, 4, 4, 3, 3, 3, 3 ಬೆಲೆಯ ಎಂಟು ಕಾರ್ಡ್‌ಗಳ ಮೊತ್ತ 29. 7, 6, 5, 5, 2, 2, 1, 1 ಬೆಲೆಯವುಗಳ ಮೊತ್ತವೂ 29. ಎರಡರ ಸರಾಸರಿಯೂ 3.6. ಆದರೆ ಮೊದಲನೆಯದರಲ್ಲಿ ಅಗ್ಗದ ನಾಲ್ಕರ ಮೊತ್ತ 12, ಎರಡನೆಯದರಲ್ಲಿ 6. ಅವು ಆಡುವ ರೀತಿ ಒಂದಕ್ಕೊಂದು ಹೋಲುವುದೇ ಇಲ್ಲ. ಸರಾಸರಿ ಎಂಬುದು ಹಂಚಿಕೆಯನ್ನು ಮುಚ್ಚಿಡುತ್ತದೆ ಎಂಬ ಸಂಖ್ಯಾಶಾಸ್ತ್ರದ ಮೊದಲ ಪಾಠ ಇಲ್ಲಿ ಕಣ್ಣೆದುರೇ ನಿಲ್ಲುತ್ತದೆ.

ಆರಂಭದ ನಾಲ್ಕು ಕಾರ್ಡ್‌ಗಳ ವಿಷಯದಲ್ಲಿ ಮಾತ್ರ ಅದೃಷ್ಟಕ್ಕೆ ಪಾತ್ರವಿದೆ. ಎಂಟರಿಂದ ನಾಲ್ಕನ್ನು ಆರಿಸುವ ವಿಧಗಳು 70. ನಿಮ್ಮ ಡೆಕ್‌ನಲ್ಲಿ ಮೂರು ದುಬಾರಿ ಕಾರ್ಡ್‌ಗಳಿವೆ ಎಂದುಕೊಳ್ಳಿ. ಎಂಟು ಕಾರ್ಡ್‌ಗಳು ಕೈ ಮತ್ತು ಸಾಲು ಎಂದು ಸಮನಾಗಿ ಒಡೆದಾಗ, ಆ ಮೂರರಲ್ಲಿ ಕನಿಷ್ಠ ಎರಡು ಯಾವುದಾದರೂ ಒಂದು ಪಾಲಿಗೆ ಹೋಗಲೇಬೇಕು. ಅದು ಕೈಯ ಪಾಲೇ ಆಗುವ ಸಂಭವ ಸರಿಯಾಗಿ ಅರ್ಧ. ಅಂದರೆ ಎರಡು ಪಂದ್ಯಗಳಲ್ಲಿ ಒಂದನ್ನು ಭಾರದ ಕೈಯಿಂದಲೇ ಆರಂಭಿಸುತ್ತೀರಿ. ಅದೇ ಲೆಕ್ಕವನ್ನು ಹಾರುವ ಶತ್ರುಗಳನ್ನು ಹೊಡೆಯಬಲ್ಲ ಪಡೆಗಳಿಗೆ ಅನ್ವಯಿಸಿ. ಅಂತಹ ಕಾರ್ಡ್ ಒಂದೇ ಇದ್ದರೆ ಅದು ಮೊದಲ ಕೈಯಲ್ಲಿ ಇಲ್ಲದಿರುವ ಸಂಭವ ಶೇ. 50. ಎರಡಿದ್ದರೆ ಎರಡೂ ಇಲ್ಲದಿರುವ ಸಂಭವ ಶೇ. 21. ಮೂರಿದ್ದರೆ ಶೇ. 7. ಎರಡರಿಂದ ಮೂರಕ್ಕೆ ಹೋದಾಗ ಅಪಾಯ ಮೂರನೇ ಒಂದು ಭಾಗಕ್ಕೆ ಇಳಿಯುವುದನ್ನು ಗಮನಿಸಿ.

ಈ ಲೆಕ್ಕಗಳನ್ನು ಕೈಯಲ್ಲಿ ಹಿಡಿದು, ಆಟದ ಆರಂಭದಲ್ಲೇ ಸಿಗುವ ಕಾರ್ಡ್‌ಗಳಿಂದ ಒಂದು ಡೆಕ್ ಕಟ್ಟೋಣ. ಮುಖ್ಯ ದಾಳಿಗೆ 5 ಎಲಿಕ್ಸಿರ್‌ನ ಜೈಂಟ್. ಅದು ಶತ್ರುವಿನ ಪಡೆಗಳತ್ತ ತಿರುಗಿಯೂ ನೋಡುವುದಿಲ್ಲ, ನೇರವಾಗಿ ಕಟ್ಟಡಗಳತ್ತ ನಡೆಯುತ್ತದೆ. ಗೆಲುವು ತರುವುದು ಟವರ್ ಬಿದ್ದಾಗ ಮಾತ್ರವಾದ್ದರಿಂದ ಇಂತಹ ಒಂದು ಕಾರ್ಡ್ ಬೇಕೇ ಬೇಕು. ಅದರ ಹಿಂದೆ ದೂರದಿಂದ ಗುಂಡು ಹೊಡೆಯುವ ಮಸ್ಕೆಟಿಯರ್, 4. ಒಂದೇ ದೊಡ್ಡ ಶತ್ರುವನ್ನು ಕಡಿದು ಹಾಕಲು ಮಿನಿ ಪೆಕ್ಕಾ, 4. ನೆಲದ ಮೇಲೆ ತಡೆದು ನಿಲ್ಲಲು ನೈಟ್, 3. ಆರ್ಚರ್ಸ್ 3, ಹಾರುವ ಮಿನಿಯನ್ಸ್ 3. ಮಂತ್ರಗಳಲ್ಲಿ ಒಂದು ದೊಡ್ಡದು, 4ರ ಫೈರ್‌ಬಾಲ್. ಒಂದು ಸಣ್ಣದು, 3ರ ಆರೋಸ್. ಒಟ್ಟು 29. ಮೇಲೆ ಹೇಳಿದ ಮೊದಲ ಉದಾಹರಣೆ ಇದೇ. ದುಬಾರಿ ಕಾರ್ಡ್ ಒಂದೇ ಇದೆ. ಹಾರುವವರನ್ನು ಹೊಡೆಯುವ ಪಡೆಗಳು ಮೂರಿವೆ: ಮಸ್ಕೆಟಿಯರ್, ಆರ್ಚರ್ಸ್, ಮಿನಿಯನ್ಸ್. ಜೈಂಟ್‌ನ ಒಂದು ಸುತ್ತಿಗೆ 17 ಎಲಿಕ್ಸಿರ್, ಸುಮಾರು 48 ಸೆಕೆಂಡು. ಇದರಲ್ಲಿ ಸಿಗಲು ಕಷ್ಟವಾದ ಕಾರ್ಡ್ ಒಂದೂ ಇಲ್ಲ, ಆದರೂ ಯಾವ ಬಗೆಯ ದಾಳಿಗೂ ಇದರಲ್ಲಿ ಒಂದು ಉತ್ತರವಿದೆ.

ಉತ್ತರ ಎಂದರೇನು? ಎದುರಾಳಿ 5 ಎಲಿಕ್ಸಿರ್ ಕೊಟ್ಟು ಆರು ಹಾರುವ ಪುಟ್ಟ ರಾಕ್ಷಸರ ಮಿನಿಯನ್ ಹೋರ್ಡ್ ಬಿಟ್ಟರು ಎನ್ನಿ. ನೀವು 3 ಎಲಿಕ್ಸಿರ್‌ನ ಆರೋಸ್ ಸುರಿದಿರಿ; ಲೆವೆಲ್ ಸಮನಾಗಿದ್ದರೆ ಆರೂ ಉದುರುತ್ತವೆ. ಲಾಭ 2 ಎಲಿಕ್ಸಿರ್, ಅಂದರೆ 5.6 ಸೆಕೆಂಡಿನ ಮುನ್ನಡೆ. ಪಂದ್ಯದುದ್ದಕ್ಕೂ ನಡೆಯುವುದು ಇದೇ ವ್ಯಾಪಾರ. ಜೈಂಟ್ ಅನ್ನು ಸೇತುವೆಯ ಬಳಿ ಇಳಿಸುವ ಬದಲು ನಿಮ್ಮ ಕಿಂಗ್ ಟವರ್‌ನ ಹಿಂದೆ ಇಳಿಸಿ ಎಂದು ಅನುಭವಿಗಳು ಹೇಳುವುದೂ ಇದಕ್ಕಾಗಿಯೇ. ಅದು ನಿಧಾನವಾಗಿ ನಡೆಯುತ್ತದೆ. ಅದರ ಮೇಲೆ ಖರ್ಚಾದ 5 ಎಲಿಕ್ಸಿರ್ ಮರಳಿ ಬರಲು 14 ಸೆಕೆಂಡು ಸಾಕು; ಸೇತುವೆ ತಲುಪುವಷ್ಟರಲ್ಲಿ ಅದರ ಹಿಂದೆ ಮಸ್ಕೆಟಿಯರ್ ಮತ್ತು ಆರ್ಚರ್ಸ್‌ ಇಳಿಸುವಷ್ಟು ಹಣ ಕೈಯಲ್ಲಿರುತ್ತದೆ.

ಹೀಗೆ ಪಡೆಗಳನ್ನು ಒಟ್ಟುಗೂಡಿಸಿ ಕಳಿಸುವುದರಿಂದ ಎಷ್ಟು ಲಾಭ? ಬ್ರಿಟನ್ನಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಮೊದಲ ಮಹಾಯುದ್ಧದ ಕಾಲದಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ದೂರದಿಂದ ಹೊಡೆಯುವ ಪಡೆಗಳ ಬಲ ಅವುಗಳ ಸಂಖ್ಯೆಗಲ್ಲ, ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಮಬಲದ ಬಿಲ್ಲುಗಾರರು ನಿಮ್ಮಲ್ಲಿ ಆರು, ಎದುರಾಳಿಯಲ್ಲಿ ಐದು ಎಂದುಕೊಳ್ಳಿ. ಆರನ್ನೂ ಒಟ್ಟಿಗೆ ಕಳಿಸಿದರೆ 36ರಿಂದ 25 ಕಳೆದು 11 ಉಳಿಯುತ್ತದೆ. ಅದರ ವರ್ಗಮೂಲ ಸುಮಾರು 3.3. ನಿಮ್ಮವರು ಮೂವರು ಬದುಕುಳಿದು ಗೆಲ್ಲುತ್ತಾರೆ. ಅದೇ ಆರನ್ನು ಮೂರು ಮೂರರಂತೆ ಎರಡು ಸಲ ಕಳಿಸಿದರೆ? 25ರಿಂದ 9 ಕಳೆದರೆ 16, ಮತ್ತೆ 9 ಕಳೆದರೆ 7. ಅದರ ವರ್ಗಮೂಲ ಸುಮಾರು 2.6. ಈಗ ಎದುರಾಳಿಯವರೇ ಇಬ್ಬರು ಮೂವರು ಉಳಿಯುತ್ತಾರೆ. ಅದೇ ಪಡೆ, ಅದೇ ಖರ್ಚು, ಕಳಿಸಿದ ರೀತಿ ಬದಲಾದದ್ದಕ್ಕೆ ಗೆಲುವು ಸೋಲಾಯಿತು. ಈ ಚಿಕ್ಕ ಲೆಕ್ಕ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಆದರೆ ಗುಂಪಾಗಿ ಬಂದವರ ಮೇಲೆ ಫೈರ್‌ಬಾಲ್ ಬಿದ್ದರೆ ಎಲ್ಲರಿಗೂ ಒಟ್ಟಿಗೇ ಪೆಟ್ಟು. ಲ್ಯಾಂಚೆಸ್ಟರ್ ಸೂತ್ರ ಒಬ್ಬ ಒಂದು ಸಲಕ್ಕೆ ಒಬ್ಬನನ್ನೇ ಹೊಡೆಯುತ್ತಾನೆ ಎಂದು ಊಹಿಸುತ್ತದೆ. ಫೈರ್‌ಬಾಲ್ ಆ ಊಹೆಯನ್ನೇ ಮುರಿಯುತ್ತದೆ. ಆದ್ದರಿಂದ ಜೈಂಟ್‌ನ ಹಿಂದೆ ಬರುವವರನ್ನು ಒಟ್ಟಿಗೆ ಕಳಿಸಿ, ಆದರೆ ಒಂದೇ ಜಾಗದಲ್ಲಿ ಒತ್ತೊತ್ತಾಗಿ ಇಳಿಸಬೇಡಿ.

ಇಷ್ಟು ಲೆಕ್ಕ ಯಾಕೆ, ಜಗತ್ತಿನ ಅಗ್ರ ಆಟಗಾರರ ಡೆಕ್ ಅನ್ನೇ ನಕಲು ಮಾಡಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಕ್ಯಾಲಿಫೋರ್ನಿಯಾದ ಹಲ್ಲಿಗಳಲ್ಲಿದೆ. ಬ್ಯಾರಿ ಸಿನೆರ್ವೊ ಮತ್ತು ಕರ್ಟಿಸ್ ಲೈವ್ಲಿ 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಒಂದು ಜಾತಿಯ ಗಂಡು ಹಲ್ಲಿಗಳನ್ನು ಕತ್ತಿನ ಬಣ್ಣದ ಮೇಲೆ ಮೂರು ಬಗೆಯಾಗಿ ಗುರುತಿಸಿದ್ದರು. ಕಿತ್ತಳೆ ಕತ್ತಿನವು ಆಕ್ರಮಣಕಾರಿ, ನೀಲಿ ಕತ್ತಿನವುಗಳ ಜಾಗ ಕಸಿಯುತ್ತವೆ. ಹಳದಿ ಕತ್ತಿನವು ಹೆಣ್ಣುಗಳಂತೆ ಕಾಣುತ್ತ ಕಿತ್ತಳೆಯವುಗಳ ದೊಡ್ಡ ಸೀಮೆಯೊಳಗೆ ನುಸುಳುತ್ತವೆ. ತಮ್ಮ ಸಂಗಾತಿಯನ್ನು ಬಿಡದೆ ಕಾಯುವ ನೀಲಿಯವು ಹಳದಿಯವುಗಳನ್ನು ಹೊರಗಟ್ಟುತ್ತವೆ. ಯಾವುದು ಹೆಚ್ಚಾಗುತ್ತದೋ ಅದನ್ನು ಸೋಲಿಸುವ ಬಗೆ ಮರುವರ್ಷಗಳಲ್ಲಿ ಹೆಚ್ಚುತ್ತದೆ, ಚಕ್ರ ಹೀಗೇ ತಿರುಗುತ್ತದೆ. ಕ್ಲ್ಯಾಷ್ ರಾಯಲ್‌ನಲ್ಲೂ ಇದೇ ಚಕ್ರವಿದೆ. 3 ಎಲಿಕ್ಸಿರ್‌ನ ಸ್ಕೆಲಿಟನ್ ಆರ್ಮಿ 7 ಎಲಿಕ್ಸಿರ್‌ನ ಪೆಕ್ಕಾವನ್ನು ಮುತ್ತಿ ಮುಗಿಸಬಲ್ಲದು. 2 ಎಲಿಕ್ಸಿರ್‌ನ ಲಾಗ್ ಆ ಸ್ಕೆಲಿಟನ್ ಆರ್ಮಿಯನ್ನು ಉರುಳಿಸಿ ಹಾಕುತ್ತದೆ. ಪೆಕ್ಕಾದ ಮುಂದೆ ಲಾಗ್ ಲೆಕ್ಕಕ್ಕೇ ಇಲ್ಲ. ಅಗ್ರ ಆಟಗಾರರ ಡೆಕ್ ಅವರ ಎದುರಿಗೆ ಬರುವ ಡೆಕ್‌ಗಳಿಗೆ ಕೊಟ್ಟ ಉತ್ತರ. ಕೆಳ ಅರೀನಾಗಳಲ್ಲಿ, ಅಂದರೆ ಆಟದ ಆರಂಭದ ಹಂತಗಳಲ್ಲಿ, ನಿಮ್ಮೆದುರು ಬರುವವರು ಬೇರೆಯೇ ಪ್ರಶ್ನೆ ಕೇಳುತ್ತಿರುತ್ತಾರೆ.

ಲೆವೆಲ್‌ಗಳ ವಿಷಯದಲ್ಲಿ ಒಂದೇ ಮಾತು: ಕಾರ್ಡ್‌ನ ಲೆವೆಲ್ ಒಂದು ಮೆಟ್ಟಿಲು ಏರಿದರೆ ಅದರ ಶಕ್ತಿ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಮೂರು ಮೆಟ್ಟಿಲಿಗೆ ಅದು ಶೇ. 33 ಆಗುತ್ತದೆ. ಚಿನ್ನವನ್ನು ಹತ್ತು ಹಲವು ಕಾರ್ಡ್‌ಗಳಿಗೆ ಹಂಚದೆ ಈ ಎಂಟಕ್ಕೇ ಸುರಿಯಿರಿ.

ಹೊಸಬರು ಸತತ ಮೂರು ಪಂದ್ಯ ಸೋತ ತಕ್ಷಣ ಡೆಕ್ ಬದಲಿಸುತ್ತಾರೆ. ಇದು ನನಗೆ ಬೇಸರ ತರುವ ಅಭ್ಯಾಸ, ಯಾಕೆಂದರೆ ಚೆನ್ನಾಗಿದ್ದ ಎಷ್ಟೋ ಡೆಕ್‌ಗಳು ಹೀಗೆ ಮೂಲೆ ಸೇರುತ್ತವೆ. ಗೆಲುವು ಸೋಲು ಸಮಸಮ ಇರುವ ಡೆಕ್ ಹಿಡಿದು ಹತ್ತು ಪಂದ್ಯ ಆಡಿದರೆ, ಅದರಲ್ಲಿ ಎಲ್ಲಾದರೂ ಸತತ ಮೂರು ಸೋಲು ಬರುವ ಸಂಭವ ಶೇ. 50ಕ್ಕಿಂತ ತುಸು ಹೆಚ್ಚೇ. ಅಂತಹ ಸೋಲಿನಿಂದ ಡೆಕ್ ಬಗ್ಗೆ ಏನೂ ತಿಳಿಯುವುದಿಲ್ಲ. ಬದಲಿಸಬೇಕೆನಿಸಿದರೆ ಪ್ರಯೋಗಾಲಯದ ಶಿಸ್ತು ಪಾಲಿಸಿ: ಒಂದು ಸಲಕ್ಕೆ ಒಂದೇ ಕಾರ್ಡ್, ಆಮೇಲೆ ಸಾಕಷ್ಟು ಪಂದ್ಯ.

ಮೊದಲ ಪ್ರಯೋಗಕ್ಕೆ ನಾನು ಸೂಚಿಸುವುದು ಇದನ್ನು. 3 ಎಲಿಕ್ಸಿರ್‌ನ ಮಿನಿಯನ್ಸ್ ತೆಗೆದು 1 ಎಲಿಕ್ಸಿರ್‌ನ ಸ್ಕೆಲಿಟನ್ಸ್ ಹಾಕಿ. ಅಗ್ಗದ ನಾಲ್ಕರ ಮೊತ್ತ 12ರಿಂದ 10ಕ್ಕೆ ಇಳಿಯುತ್ತದೆ, ಜೈಂಟ್ 48ರ ಬದಲು 42 ಸೆಕೆಂಡಿಗೆ ಮರಳುತ್ತದೆ. ಅದೇ ಹೊತ್ತಿಗೆ ಹಾರುವವರನ್ನು ಹೊಡೆಯುವ ಪಡೆಗಳು ಮೂರರಿಂದ ಎರಡಾಗುತ್ತವೆ, ಮೊದಲ ಕೈಯಲ್ಲಿ ಅವು ಇಲ್ಲದಿರುವ ಸಂಭವ ಶೇ. 7ರಿಂದ 21ಕ್ಕೆ ಏರುತ್ತದೆ. ಆ ಆರು ಸೆಕೆಂಡಿಗೆ ಇಷ್ಟು ಬೆಲೆ ತೆರಬಹುದೇ ಎಂಬುದು ನಿಮ್ಮ ಅರೀನಾದಲ್ಲಿ ಹಾರುವ ಶತ್ರುಗಳು ಎಷ್ಟು ಬರುತ್ತಾರೆ ಎಂಬುದನ್ನು ಅವಲಂಬಿಸಿದೆ. ಪ್ರತಿ ಪಂದ್ಯದ ನಂತರ ಎದುರಾಳಿಯ ಡೆಕ್‌ನಲ್ಲಿ ಅಂಥವು ಎಷ್ಟಿದ್ದವು ಎಂದು ಒಂದು ಕಾಗದದಲ್ಲಿ ಬರೆದಿಡಿ.